ಗಾಯವಿಲ್ಲದ ಹೆಬ್ಬೆರಳು

ಗಾಯವೇ ಇಲ್ಲದ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಅವನಿಗೆ ಅಂದಿಗೆ ನಾಲ್ಕನೆಯ ದಿನ. ಎಚ್ಚರವಾದ ಕೂಡಲೇ ಹೊದಿಕೆಯೊಳಗೇ ಎಡಗೈಯಿಂದ ಬಲಗೈಯನ್ನು ಮುಟ್ಟಿ ನೋಡಿಕೊಂಡ. ಗಂಟು ಬಿಗಿಯಾಗಿಯೇ ಇತ್ತು. ಊರಿನ ಅರ್ಧಕ್ಕರ್ಧ ಅಂಗಡಿಗಳ ನೆತ್ತಿಯ ಮೇಲೆ ಹೆಸರು ಬರೆದ ಕೈ ಅದು. ಊರಿಗೆಲ್ಲ ಅವನು ಪೇಂಟರ್; ಸಿಟ್ಟು ಬಂದಾಗ ಹೆಂಡತಿಗೂ ಪೇಂಟರ್ರೇ. ಪಟ್ಟಿಯ ಬಟ್ಟೆಯನ್ನು ಹೆಂಡತಿಯ ಡ್ಯೂಟಿ ಚೀಲದಿಂದ ಎಗರಿಸಿದ್ದ. ರಕ್ತ ಮಾತ್ರ ಸ್ವಂತದ್ದು, ಅಂದರೆ ಸ್ವಂತ ಡಬ್ಬಿಯದು. ಸಣ್ಣ ಕುಂಚದ ತುದಿಯಿಂದ ಒಂದು ತೊಟ್ಟು ಕೆಂಪು ಇಟ್ಟು, ಅಂಚನ್ನು ಟರ್ಪೆಂಟೈನ್ ಹತ್ತಿಯಿಂದ ಒತ್ತಿ, ಒಳಗಿನಿಂದ ಒಸರಿ ಬಂದ ಹಾಗೆ ಕಾಣಿಸಿದ್ದ. ಆಮೇಲೆ ಕೈಯನ್ನು ದೂರಕ್ಕೆ ಚಾಚಿ, ಬೋರ್ಡು ನೋಡುವವನ ಹಾಗೆ ಒಂದು ಕಣ್ಣು ಕಿರಿದು ಮಾಡಿ ನೋಡಿದ್ದ. ಕೆಲಸ ಚೆನ್ನಾಗಿ ಬಂದಿದೆ ಎಂದು ಒಂದು ಗಳಿಗೆ ಹೆಮ್ಮೆಯಾಯಿತು. ಮರುಗಳಿಗೆ ಆ ಹೆಮ್ಮೆಗೇ ನಾಚಿಕೆಯಾಯಿತು. ಹೆಂಡತಿ ನರ್ಸು. ದಿನವಿಡೀ ಕಂಡವರ ಗಾಯ ಕಟ್ಟಿ ಬಂದವಳಿಗೆ ಮನೆಯಲ್ಲೂ ಒಂದು ಗಾಯ ಬೇಕಿರಲಿಲ್ಲ. "ಏನ್ರೀ ಅದು?" ಎಂದಿದ್ದಳು. "ಬ್ಲೇಡು ತಾಗ್ತು" ಎಂದಿದ್ದ. "ಒದ್ದೆ ಮಾಡ್ಕೋಬೇಡಿ" ಎಂದು ಮುಖ ತೊಳೆಯಲು ಹೋಗಿದ್ದಳು. ಅವಳು ಹೀಗೇ ಮಾಡುತ್ತಾಳೆಂದು ಅವನು ಮೊದಲೇ ಲೆಕ್ಕ ಹಾಕಿದ್ದ. ಲೆಕ್ಕ ಸರಿಯಾಯಿತಲ್ಲ ಎಂಬುದೇ ಅವನನ್ನು ನಾಲ್ಕು ದಿನದಿಂದ ಕೊರೆಯುತ್ತಿತ್ತು.

ಕೈ ನಡುಗುತ್ತಿತ್ತು. ವಿಷಯ ಇಷ್ಟೇ. ಚಳಿಗಾಲದಲ್ಲಿ ಶುರುವಾದಾಗ ಚಳಿಗೆಂದುಕೊಂಡ. ಬೇಸಿಗೆ ಬಂದ ಮೇಲೆ ಹಾಗೆ ಅಂದುಕೊಳ್ಳಲು ದಾರಿ ಉಳಿಯಲಿಲ್ಲ. ಸುಮ್ಮನೆ ಮಡಿಲಲ್ಲಿಟ್ಟುಕೊಂಡರೆ ಏನೂ ಇಲ್ಲ, ಸಾಧು ಪ್ರಾಣಿ. ಕುಂಚ ಹಿಡಿದು ಚಾಚಿದರೆ, ಲೋಟ ಎತ್ತಿದರೆ, ಏನನ್ನಾದರೂ ಒಂದು ಕಡೆ ಅಲ್ಲಾಡದ ಹಾಗೆ ಹಿಡಿದು ನಿಂತರೆ, ಮಣಿಕಟ್ಟಿನ ಒಳಗೆಲ್ಲೋ ಒಂದು ಸಣ್ಣ ಮೋಟಾರು ಓಡತೊಡಗುತ್ತಿತ್ತು. ಹಲ್ಲಿನ ಡಾಕ್ಟರ ಹೊಸ ಬೋರ್ಡಿಗೆ ಏಣಿ ಹತ್ತಿದ್ದ ದಿನ ಡಾಕ್ಟರೇ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದರು. "ಏನ್ ಪೇಂಟ್ರೇ, ಅಕ್ಷರಕ್ಕೆ ಚಳಿಜ್ವರ ಬಂದ ಹಾಗಿದೆಯಲ್ಲ?" ರಸ್ತೆಯಲ್ಲಿ ಇಬ್ಬರು ನಕ್ಕರು. "ಏಣಿ ಸರಿಯಿಲ್ಲ ಸಾರ್" ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತನ್ನ ಒಳಗೇ ಯಾರೋ ಹೇಳಿದ್ದು ಕೇಳಿಸಿತು. ಅಕ್ಷರವನ್ನು ಒರೆಸಿ, ಬಲಗೈಯನ್ನು ಎಡಗೈ ಮುಷ್ಟಿಯ ಮೇಲೆ ಊರಿ ಮತ್ತೆ ಬರೆದ. ಈಗಲೂ ಆ ರಸ್ತೆಯಲ್ಲಿ ನಡೆದರೆ ಚಪ್ಪಲಿ ನೋಡಿಕೊಂಡೇ ನಡೆಯುತ್ತಾನೆ. ಬೋರ್ಡು ಬರೆಯಲಾಗದ ಪೇಂಟರ್ ಎಂದರೆ ಯಾರು, ಅವನನ್ನು ಏನೆಂದು ಕರೆಯುತ್ತಾರೆ, ಎಂದು ಯೋಚಿಸಿದರೆ ಅಲ್ಲೊಂದು ಖಾಲಿ ಹಲಗೆ ಕಾಣುತ್ತಿತ್ತು.

ಅದೂ ಹೇಗೋ ಸಾಗುತ್ತಿತ್ತು. ಆದರೆ ಮಗಳ ಬಟ್ಟೆ ಬಂತು. ಎರಡು ಬೀದಿಯಾಚೆ ಇರುವ ಮಗಳು, ತುಂಬು ಬಸುರಿ, ಹುಟ್ಟಲಿರುವ ಮಗುವನ್ನು ಮಲಗಿಸಲು ಒಂದು ಬಟ್ಟೆ ಮಾಡಬೇಕೆಂದು ಹಠ ಹಿಡಿದಿದ್ದಳು. ತಾಯಿಯ ಹಿತ್ತಲಿನ ಹೂವು, ಎಲೆಗಳನ್ನು ಬಟ್ಟೆಯ ಮೇಲಿಟ್ಟು ಸುತ್ತಿಗೆಯಿಂದ ಬಡಿದರೆ ಅವುಗಳ ಬಣ್ಣವೇ ಅಚ್ಚಾಗಿ ಇಳಿಯುತ್ತದಂತೆ. ತಾಯಿಮಗಳಿಬ್ಬರೂ ಈ ಬೇಸಿಗೆಯೆಲ್ಲ ಇಂಥದ್ದರಲ್ಲೇ ಮುಳುಗಿದ್ದರು: ಸೊಪ್ಪಿನ ಕಟ್ಟುಗಳನ್ನು ಅಡಿಗೆಮನೆಯ ತೊಲೆಗೆ ತಲೆಕೆಳಗಾಗಿ ತೂಗುಹಾಕುವುದು, ಒಣಗಿದ ಮರುಗ ದವನವನ್ನು ಅಂಗೈಯಗಲದ ದಿಂಬುಗಳಿಗೆ ತುಂಬಿ ಹೊಲಿಯುವುದು, ದಪ್ಪ ಪುಸ್ತಕಗಳ ನಡುವೆ ಹೂ ಒತ್ತುವುದು. ಯಾವ ಪುಸ್ತಕ ತೆರೆದರೂ ಒಂದು ಹೂವು ಜಾರಿ ಮಡಿಲಿಗೆ ಬೀಳುತ್ತಿತ್ತು. ಹೆಂಗಸರ ಆಟ ಎಂದು ಅವನು ದೂರವೇ ಇದ್ದ. ಆದರೆ ಬಟ್ಟೆಯ ಸುತ್ತ ಅಂಚಿಗೆ ಒಂದು ಬಳ್ಳಿ ಬೇಕು, ಅದನ್ನು ಅಪ್ಪನೇ ಬರೆಯಬೇಕು. ಶುರುವಿನಿಂದ ಕೊನೆಯ ತನಕ ಕುಂಚ ಎತ್ತದೆ ಒಂದೇ ಗೆರೆಯಲ್ಲಿ ಎಳೆಯುವ ಅಪ್ಪನ ಬಳ್ಳಿ. ಅವಳ ಶಾಲೆಯ ಪೆಟ್ಟಿಗೆಯ ಮೇಲೆ, ಸೈಕಲ್ಲಿನ ಮೇಲೆ, ಅವಳ ಕೋಣೆಯ ಬಾಗಿಲಿನ ಮೇಲೆ ಈಗಲೂ ಇರುವ ಬಳ್ಳಿ. ಇವತ್ತು ನಾಳೆ ಎಂದು ತಳ್ಳಿದ. ಈ ಭಾನುವಾರ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಖಚಿತವಾದ ದಿನವೇ ಹೆಬ್ಬೆರಳಿಗೆ ಗಾಯವಾಯಿತು.

ಅವನ ಅಪ್ಪನೂ ಪೇಂಟರೇ. ಬೋರ್ಡಿನ ಕೆಳಗೆ ಬಲಮೂಲೆಯಲ್ಲಿ, ಹೆಸರಿನ ಬದಲು, ಒಂದೇ ಏಟಿಗೆ ಒಂದು ಪುಟ್ಟ ಎಲೆ ಎಳೆಯುತ್ತಿದ್ದ, ಅದೇ ಸಹಿ. ಅಪ್ಪ ಹೋದ ಮೇಲೆ ಆ ಎಲೆ ಇವನಿಗೆ ಬಂತು. ಕೊನೆಯ ವರ್ಷಗಳಲ್ಲಿ ಅಪ್ಪ ಬಲಗೈಯನ್ನು ಜೇಬಿನಿಂದ ಹೊರತೆಗೆಯುತ್ತಿರಲಿಲ್ಲ. ವಯಸ್ಸಾದ ಮೇಲೆ ಜಂಬ ಬಂತು ಎಂದು ಜನ ಆಡಿಕೊಂಡರು. ಮನೆಯವರಿಗೆಲ್ಲ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಅದನ್ನೇ ಮರ್ಯಾದೆ ಎಂದುಕೊಂಡಿದ್ದರು. ಅಪ್ಪನ ಲೋಟಕ್ಕೆ ಟೀ ಬಗ್ಗಿಸುವಾಗ ಇವನು, ಚೆಲ್ಲದಿರಲಿ ಎಂದು, ಅರ್ಧಕ್ಕೇ ನಿಲ್ಲಿಸುತ್ತಿದ್ದ, ಮತ್ತು ಅಪ್ಪ ಲೋಟ ಎತ್ತುವಾಗ ತಾನು ಕಿಟಕಿಯ ಕಡೆ ನೋಡುತ್ತಿದ್ದ. ಎಂಥ ಒಳ್ಳೆಯ ಮಗ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ. ಈಗ ತನ್ನ ಲೋಟಕ್ಕೆ ತಾನೇ ಅರ್ಧ ಬಗ್ಗಿಸಿಕೊಳ್ಳುವಾಗ ತಿಳಿಯುತ್ತಿದೆ: ಅಪ್ಪ ಪ್ರತಿ ದಿನ ಆ ಅರ್ಧ ಖಾಲಿಯನ್ನು ನೋಡುತ್ತಿದ್ದ, ಕಿಟಕಿಯ ಕಡೆ ತಿರುಗಿದ ಮುಖಗಳನ್ನೂ ನೋಡುತ್ತಿದ್ದ. ಟೀ ಆರುತ್ತಿತ್ತು. ಅವನು ಅಡಿಗೆಮನೆಯಲ್ಲಿ ನಿಂತೇ ಗಟಗಟ ಕುಡಿದು ಲೋಟ ತೊಳೆದಿಟ್ಟ.

ಕೆಲಸವಿಲ್ಲದ ಕೈಗೆ ಹಿತ್ತಲ ಬಾಗಿಲು ತೆರೆಯುವುದೊಂದೇ ಉಳಿದಿತ್ತು. ಈ ನಾಲ್ಕು ದಿನದಲ್ಲಿ ಅವನಿಗೆ ಅಂಟಿದ ಹೊಸ ಚಟ ಅದು, ಯಾರಿಗೂ ಹೇಳಿರಲಿಲ್ಲ. ಹೆಂಡತಿ ಆಸ್ಪತ್ರೆಯ ವಾಸನೆ ಮೈಯಿಂದ ಹೋಗಲೆಂದು ಮಾಡಿಕೊಂಡ ಹಿತ್ತಲು, ನಾಲ್ಕು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ವರ್ಷಗಟ್ಟಲೆ ಅವನು ಅಲ್ಲಿ ಕುಂಚ ತೊಳೆದ ನೀರು ಚೆಲ್ಲಿ ಒಳಗೆ ಬಂದಿದ್ದಾನೆ. ನೋಡಿರಲಿಲ್ಲ. ಹೂವು ಅವನಿಗೆ ಹೊಸದೇನಲ್ಲ. ಸೋಪಿನಂಗಡಿಗೆ, ದರ್ಜಿಯಂಗಡಿಗೆ ಸಾವಿರ ಹೂ ಬರೆದಿದ್ದಾನೆ. ಐದು ದಳ, ನಡುವೆ ಹಳದಿ ಚುಕ್ಕೆ, ಎರಡು ಎಲೆ, ಮುಗಿಯಿತು. ಕಣ್ಣು ಮುಚ್ಚಿಕೊಂಡು ಬರೆಯುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ; ಕಣ್ಣು ಮುಚ್ಚಿಕೊಂಡೇ ಬರೆದದ್ದು ಎಂದು ಈಗ ಗೊತ್ತಾಯಿತು. ಚೆಂಡುಹೂವಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದೊಂದು ದಳವೂ ತನ್ನ ಅಂಚನ್ನು ತಾನೇ ಮಡಿಚಿ ಹೊಲಿದುಕೊಂಡ ಹಾಗಿತ್ತು, ಮತ್ತು ಎರಡು ದಳ ಒಂದೇ ಬಣ್ಣದ್ದಾಗಿರಲಿಲ್ಲ. ಹೂ ಬಿಡಲು ಬಿಟ್ಟ ಸಬ್ಬಸಿಗೆ ಎದೆಯೆತ್ತರ ನಿಂತು ಹಳದಿ ಕೊಡೆಗಳನ್ನು ಬಿಚ್ಚಿತ್ತು. ಹತ್ತಿರ ಹೋದರೆ ಒಂದು ಕೊಡೆಯೊಳಗೆ ಹತ್ತಿಪ್ಪತ್ತು ಪುಟ್ಟ ಕೊಡೆ, ಆ ಪುಟ್ಟದರೊಳಗೆ ಇನ್ನೂ ಪುಟ್ಟ ಹೂಗಳು, ಅವಕ್ಕೂ ದಳ, ಆ ದಳಕ್ಕೂ ಒಂದು ತಿರುವು. ಯಾರು ನೋಡಲೆಂದು ಇಷ್ಟು ಕೆಲಸ? ಯಾವ ಗಿರಾಕಿ ಕೇಳಿದ್ದ? ಅವನಿಗೆ ಮೈ ಜುಮ್ಮೆಂದಿತು. ಕಾಮಕಸ್ತೂರಿಯ ತೆನೆಯನ್ನು ಒಂದು ಜೇನುಹುಳ ಬುಡದಿಂದ ತುದಿಯವರೆಗೆ, ಒಂದು ಮನೆಯನ್ನೂ ಬಿಡದೆ, ತಟ್ಟಿ ವಿಚಾರಿಸಿಕೊಂಡು ಹೋಯಿತು. ಬೇಲಿಯ ಮೇಲೆಲ್ಲ ಶಂಖಪುಷ್ಪದ ಬಳ್ಳಿ ಹಬ್ಬಿ, ಇಂಥ ನೀಲಿಯನ್ನು ಯಾವ ಕಂಪನಿಯ ಡಬ್ಬಿಯಲ್ಲೂ ಕಂಡದ್ದಿಲ್ಲವಲ್ಲ ಎನ್ನಿಸುವಷ್ಟು ನೀಲಿಯಾಗಿ ಹೂ ಬಿಟ್ಟಿತ್ತು. ಸುಳ್ಳು ಹೇಳಿ ಸಂಪಾದಿಸಿದ ರಜೆಯಲ್ಲಿ ಇದನ್ನೆಲ್ಲ ನೋಡುತ್ತಿದ್ದೇನೆ ಎಂದು ನೆನಪಾದಾಗ ಕದ್ದು ತಿಂದವನ ಹಾಗೆ ಬಾಯಿ ಒರೆಸಿಕೊಂಡ.

"ಅಪ್ಪಾ, ಏನು ಕಳ್ಕೊಂಡಿದೀಯಾ ಅಲ್ಲಿ?"

ಮಗಳು ಬಂದಿದ್ದಳು. ಹೊಟ್ಟೆ ಮೊದಲು, ಅವಳು ಆಮೇಲೆ, ಎನ್ನುವ ಹಾಗೆ ಬಾಗಿಲು ದಾಟಿ ಮೆಟ್ಟಿಲ ಮೇಲೆ ಉಸ್ಸೆಂದು ಕೂತಳು. "ಏನಿಲ್ಲ, ಸುಮ್ನೆ" ಎಂದು ಎದ್ದ. ಅವಳು ಪಟ್ಟಿ ನೋಡಿದಳು. "ಇನ್ನೂ ವಾಸಿ ಆಗ್ಲಿಲ್ವಾ? ನನ್ನ ಹೊಟ್ಟೆಗಿಂತ ನಿನ್ನ ಬೆರಳಿಗೇ ಆರೈಕೆ ಜಾಸ್ತಿ ಆಯ್ತು."

"ಗಾಯ ಕಣೇ."

"ಬಳ್ಳಿ ಮಾತ್ರ ಇವತ್ತು ಬಿಡಲ್ಲ. ಬೇಕಾದ್ರೆ ಬಾಯಲ್ಲಿ ಕುಂಚ ಕಚ್ಕೊಂಡು ಬರಿ."

ಹೆಂಡತಿ ಒಳಗಿನಿಂದ ಬಟ್ಟೆಯ ರಾಶಿ ತಂದಳು. ವರ್ಷಗಟ್ಟಲೆ ಒಗೆದು ಒಗೆದು ಮೊಲದ ಕಿವಿಯ ಹಾಗೆ ನಯವಾಗಿದ್ದ ಹಳೆಯ ಬಿಳಿ ದುಪ್ಪಟಿ. ಬಣ್ಣ ಹಿಡಿಯಲೆಂದು ನಿನ್ನೆ ಪಟಿಕದ ನೀರಿನಲ್ಲಿ ಅದ್ದಿ ಒಣಗಿಸಿದ್ದಳು. "ಅವರನ್ನ ಕಾಡ್ಬೇಡ. ಮಧ್ಯಾಹ್ನ ನಾನೇ ಪಟ್ಟಿ ಬಿಚ್ಚಿ ನೋಡ್ತೀನಿ, ಒಣಗಿದ್ರೆ ಸಂಜೆ ಬರೀತಾರೆ."

"ಬಿಚ್ಚೋದೇನೂ ಬೇಡ. ಒಣಗ್ತಾ ಇದೆ" ಎಂದ. ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕಥೆಯಾಯಿತು ತನ್ನದು ಎಂದುಕೊಂಡು ಕೈಯನ್ನು ಹಿಂದಕ್ಕೆ ಕಟ್ಟಿದ. ಹೆಂಡತಿ ತಲೆಯೆತ್ತಲಿಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ದುಪ್ಪಟಿಯ ಒಂದು ಮೂಲೆಯನ್ನು ಹಾಸಿ, ಸುಕ್ಕು ನೀವುತ್ತಿದ್ದಳು. ರೋಗಿಯ ಹಾಸಿಗೆ ಹಾಸುವಾಗಲೂ ಹೀಗೇ ನೀವುತ್ತಾಳೇನೋ. ಅವಳ ಕೈಗಳು ಎಂದೂ ಆತುರಪಡುತ್ತಿರಲಿಲ್ಲ. ಆ ಕೈಗಳಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು ಎಂದು ಅನ್ನಿಸಿತು. ಆಮೇಲೆ ಅಪ್ಪನ ಜೇಬು ನೆನಪಾಯಿತು, ಏಣಿಯ ಕೆಳಗಿನ ನಗು ನೆನಪಾಯಿತು, ಮಾತು ಬಂದ ದಾರಿಯಲ್ಲೇ ಹಿಂದಿರುಗಿತು.

ಮೊದಲು ಪುದೀನ. ಹೆಂಡತಿ ನಾಲ್ಕು ಎಲೆಗಳನ್ನು ಬೆನ್ನು ಕೆಳಗಾಗುವಂತೆ ಇಟ್ಟು, ಮೇಲೆ ಬಟ್ಟೆಯ ಇನ್ನೊಂದು ಮಡಿಕೆ ಹೊದಿಸಿ, ಬೋರ್ಡಿಗೆ ಮೊಳೆ ಹೊಡೆಯುವ ಅವನದೇ ಸುತ್ತಿಗೆ ಎತ್ತಿಕೊಂಡು ಟಕಟಕ ಎಂದು ಸಣ್ಣಗೆ ಬಡಿದಳು. ಬಟ್ಟೆಯ ಮೇಲೆ ಹಸಿರು ಚುಕ್ಕೆಗಳು ಒಸರಿದವು, ಚುಕ್ಕೆಗಳು ಕೂಡಿ ಎಲೆಯಾದವು, ಹಿತ್ತಲೆಲ್ಲ ಪುದೀನದ ಘಾಟು. ಬಿಡಿಸಿದಳು. ಅವನು ಬಾಗಿ ನೋಡಿದ, ಇನ್ನೂ ಬಾಗಿದ. ಎಲೆಯ ನಡುನರ, ಅದರಿಂದ ಕವಲೊಡೆದ ನರ, ಅದರಿಂದಲೂ ಕವಲೊಡೆದ ಕೂದಲೆಳೆಯ ನರ, ಹಲ್ಲುಹಲ್ಲಿನ ಅಂಚು, ಒಂದು ಹುಳ ಕಚ್ಚಿದ ತೂತು ಕೂಡ, ಬಟ್ಟೆಯಲ್ಲಿ ಕೂತಿದ್ದವು. ಮಡಿಕೆಯ ಆಚೆ ಬದಿಯಲ್ಲಿ ಅದೇ ಎಲೆ ಕನ್ನಡಿಯಲ್ಲಿ ಕಂಡ ಹಾಗೆ ಮತ್ತೊಮ್ಮೆ. ಅವನು ಬಾಯಿಬಿಟ್ಟು "ಅಯ್ಯಪ್ಪಾ" ಎಂದ. ನಲವತ್ತು ವರ್ಷ ಚಿತ್ರ ಎಂದರೆ ಕೈಯಿಂದ ಬರುವುದು ಎಂದು ನಂಬಿದ್ದವನು. ಇಲ್ಲಿ ಎಲೆ ತನ್ನ ಚಿತ್ರವನ್ನು ತನ್ನೊಳಗೇ ಇಟ್ಟುಕೊಂಡು ಕಾಯುತ್ತಿತ್ತು. ಬಾಗಿಲು ತಟ್ಟಿದರೆ ಸಾಕು, ಹೊರಗೆ ಬಂತು.

ಆಮೇಲೆ ದಾಸವಾಳ. ಬೇಲಿಯ ಪಕ್ಕದ ಗಿಡದಿಂದ ಮಗಳು ಕಿತ್ತು ತಂದ ಹೂವು ಅಂಗೈಯಷ್ಟು ಅಗಲ, ಕೆಂಪೆಂದರೆ ಕೆಂಪು. ಬಡಿದು ಬಿಡಿಸಿದರೆ ಬಟ್ಟೆಯ ಮೇಲೆ ಕೆಂಪಿನ ಸುಳಿವೇ ಇಲ್ಲ. ನೇರಳೆ, ಅಂಚಿನಲ್ಲಿ ನೀಲಿ, ನಡುವೆ ಮಳೆ ಬರುವ ಮುಂಚಿನ ಮೋಡದ ಬಣ್ಣ. ಬಣ್ಣದ ಡಬ್ಬಿಗಳ ನಡುವೆಯೇ ಬೆಳೆದವನು ಅವನು. ಯಾವುದಕ್ಕೆ ಯಾವುದು ಬೆರೆಸಿದರೆ ಏನಾಗುತ್ತದೆಂದು ನಿದ್ದೆಯಲ್ಲೂ ಹೇಳುತ್ತಿದ್ದ. "ಕೆಂಪು ಎಲ್ಲಿ ಹೋಯ್ತು?" ಎಂದು ಮಗುವಿನ ಹಾಗೆ ಕೇಳಿದ.

ಹೆಂಡತಿ ನಕ್ಕಳು. "ಯಾವ ಕೆಂಪು ಹಾಗೇ ಉಳಿಯುತ್ತೆ ಹೇಳಿ? ರಕ್ತಾನೇ ಬೆಳಗ್ಗೆ ನೋಡಿದ್ದು ಸಂಜೆಗೆ ಕಾಫಿಪುಡಿ ಥರ ಆಗಿರುತ್ತೆ."

ಅವಳು ಸುಮ್ಮನೆ ಆಡಿದ ಮಾತು. ಮುಂದಿನ ಹೂವಿನ ತೊಟ್ಟು ಕತ್ತರಿಸುತ್ತಿದ್ದಳು. ಅವನು ಮಾತ್ರ ನಿಂತಲ್ಲೇ ಬೆವರಿದ. ಬೆನ್ನ ಹಿಂದಿದ್ದ ಕೈಯನ್ನು ಮೆಲ್ಲಗೆ ಬದಿಗೆ ತಂದು ಕಣ್ಣಂಚಿನಲ್ಲಿ ನೋಡಿಕೊಂಡ. ನಾಲ್ಕು ದಿನದ ರಕ್ತ. ಬಿಸಿಲಿಗೆ ಹೊಳೆಯುತ್ತಿತ್ತು, ಅಂಚೆಪೆಟ್ಟಿಗೆಯಷ್ಟು ಕೆಂಪಗೆ. ಮಳೆ ಬಿಸಿಲಿಗೆ ಮಾಸುವುದಿಲ್ಲ ಎಂದು ಗಿರಾಕಿಗಳಿಗೆ ಎದೆ ತಟ್ಟಿ ಹೇಳುವ ಅದೇ ಡಬ್ಬಿಯ ಕೆಂಪು. ಪೇಂಟರ್ ಬುದ್ಧಿಯೇ ಇದು. ಮಾಸದ ಬಣ್ಣವೇ ಒಳ್ಳೆಯ ಬಣ್ಣ ಎಂದು ರಕ್ತಕ್ಕೂ ಅದನ್ನೇ ಬಳಿದಿದ್ದಾನೆ. ನಾಲ್ಕು ದಿನ ನರ್ಸಿನ ಮುಂದೆ ಈ ಬೋರ್ಡು ಹಿಡಿದುಕೊಂಡು ಓಡಾಡಿದ್ದಾನೆ. ಅವಳು ಹೇಗೆ ನೋಡಲಿಲ್ಲ? ಅಥವಾ ನೋಡಿ, ಕಿಟಕಿಯ ಕಡೆ ಮುಖ ತಿರುಗಿಸಿದ್ದಾಳೋ? ಎರಡನೆಯ ಯೋಚನೆ ಮೊದಲನೆಯದಕ್ಕಿಂತ ಭಯಂಕರವಾಗಿತ್ತು.

"ಅಪ್ಪಾ, ಬಾ, ನಿನ್ನದೂ ಒಂದು ಹೂವು ಇರ್ಲಿ. ಎಡಗೈಲಿ ಬಡಿ, ಬಲಗೈಲಿ ಬಟ್ಟೆ ಒತ್ತಿ ಹಿಡ್ಕೋ ಅಷ್ಟೆ. ಹೆಬ್ಬೆರಳು ಮುಟ್ಟೋದೇ ಬೇಡ."

ಬೇಡ ಎನ್ನಲು ಕಾರಣ ಹುಡುಕಿದ. ಸಿಕ್ಕ ಕಾರಣಗಳೆಲ್ಲ ಮುಗಿದಿದ್ದವು. ಕಲ್ಲಿನ ಮುಂದೆ ಕೂತ. ಮಗಳು ಒಂದೇ ಸುತ್ತು ಎಸಳಿನ ಚೆಂಡುಹೂವೊಂದನ್ನು ಮುಖ ಕೆಳಗೆ ಮಾಡಿ ಇಟ್ಟು ಬಟ್ಟೆ ಹೊದಿಸಿದಳು. ಅವನು ಬಲಗೈಯ ನಾಲ್ಕು ಬೆರಳುಗಳಿಂದ ಬಟ್ಟೆ ಒತ್ತಿಹಿಡಿದು, ಕೆಂಪು ಹೆಬ್ಬೆರಳನ್ನು ಮಡಿಕೆಯ ಅಡಿಗೆ ತೂರಿಸಿ ಮರೆಮಾಡಿ, ಎಡಗೈಯಲ್ಲಿ ಸುತ್ತಿಗೆ ಎತ್ತಿದ. ಮೊದಲ ಏಟು ಬೀಳುವ ಮೊದಲೇ ಮಣಿಕಟ್ಟಿನೊಳಗಿನ ಮೋಟಾರು ಓಡತೊಡಗಿತು. ಒತ್ತಿ ಹಿಡಿದಷ್ಟೂ ಜಾಸ್ತಿ. ಬಟ್ಟೆಯ ಅಡಿ ಯಾರಿಗೂ ಕಾಣುವುದಿಲ್ಲ ಎಂದು ಧೈರ್ಯ ಹೇಳಿಕೊಂಡ. ಬಡಿದ. ಹಳದಿ ಒಸರಿತು. ಮತ್ತೆ ಬಡಿದ. ಏಟಿನ ಸದ್ದಿನಲ್ಲಿ ಒಂದು ಸುಖವಿತ್ತು, ಬೋರ್ಡಿನ ಮೊಳೆಯ ಸದ್ದಿಗಿಂತ ಮೆತ್ತಗೆ, ಬಾಗಿಲು ತಟ್ಟುವ ಸದ್ದಿನಷ್ಟೇ. ಒಂದು ಗಳಿಗೆ ಎಲ್ಲವನ್ನೂ ಮರೆತ.

ಮಗಳು ಮಡಿಕೆ ಬಿಡಿಸಿದಳು. ಬಿಡಿಸಿದವಳು ಹಾಗೇ ನಿಂತಳು. "ಅಮ್ಮಾ" ಎಂದಳು. "ಅಮ್ಮಾ, ಇಲ್ಲಿ ನೋಡು ಬಾ."

ತಾಯಿಮಗಳ ಹೂವು ಎಲೆಗಳು ಬಟ್ಟೆಯ ಮೇಲೆ ಒತ್ತಿಟ್ಟ ಹಾಗೆ ನಿಶ್ಚಲವಾಗಿದ್ದವು. ಅವನ ಹೂವು ಅಲ್ಲಾಡುತ್ತಿತ್ತು. ಪ್ರತಿ ಎಸಳಿಗೂ ಒಂದರ ಪಕ್ಕ ಒಂದರ ಪಕ್ಕ ಮೂರು ನಾಲ್ಕು ಅಂಚು, ಹೊರಹೊರಗೆ ತೆಳುವಾಗುತ್ತ, ಗಾಳಿ ಈಗ ತಾನೇ ಬೀಸಿ ಇನ್ನೂ ನಿಂತಿಲ್ಲ ಎನ್ನುವ ಹಾಗೆ. ಅವನ ಕಣ್ಣಿಗೇ ನಂಬಿಕೆಯಾಗಲಿಲ್ಲ. ಅಷ್ಟು ಜೀವಂತವಾದದ್ದು ತನ್ನ ಕೈಯಿಂದ ಯಾವತ್ತೂ ಬಂದಿರಲಿಲ್ಲ. "ಹೇಗಪ್ಪಾ ಮಾಡ್ದೆ? ಗಾಳಿಗೆ ಓಲಾಡ್ತಿದೆಯಲ್ಲ ಇದು!" ಎಂದು ಮಗಳು ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ನಿಂತಿದ್ದಳು. ಹೆಂಡತಿ ನೋಡುತ್ತಿದ್ದದ್ದು ಹೂವನ್ನಲ್ಲ, ಅಂಚುಗಳನ್ನು. ಒಂದರ ಪಕ್ಕ ಒಂದಾಗಿ ನಿಂತ, ಒಂದೇ ಅಂತರದ ಅಂಚುಗಳನ್ನು. ಅವಳ ಮುಖದಲ್ಲಿ ಡ್ಯೂಟಿಯ ಮುಖ ಬಂತು, ಅವನು ಮನೆಯಲ್ಲಿ ಎಂದೂ ಕಾಣದ ಮುಖ. ಅಲ್ಲಿಂದ ಅವಳ ಕಣ್ಣು ಮಡಿಕೆಯ ಅಡಿಯಿಂದ ಹೊರಬಂದಿದ್ದ ಹೆಬ್ಬೆರಳಿಗೆ ಇಳಿಯಿತು. ಅಲ್ಲೇ ನಿಂತಿತು.

"ಕೈ ಕೊಡಿ" ಎಂದಳು.

ಕೊಟ್ಟ. ಓಡಿಹೋಗಲು ಹಿತ್ತಲಿಗೆ ಬಾಗಿಲು ಒಂದೇ ಇತ್ತು, ಅದರ ಮೆಟ್ಟಿಲ ಹತ್ತಿರ ಬಸುರಿ ಮಗಳು ನಿಂತಿದ್ದಳು. ಹೆಂಡತಿ ಗಂಟನ್ನು ನೋಡಿದಳು. ಕುಂಚದ ಕೂದಲು ಬಿಗಿಯುವ ಗಂಟು ಅದು. ಗಾಯಕ್ಕೆ ಯಾರೂ ಹಾಕುವುದಿಲ್ಲ. ಪಟ್ಟಿಯನ್ನು ಮೂಗಿನ ಹತ್ತಿರ ತಂದಳು, ಟರ್ಪೆಂಟೈನ್. ಸುತ್ತು ಸುತ್ತು ಬಿಚ್ಚಿದಳು. ನಾಲ್ಕು ದಿನ ಬಿಸಿಲು ಕಾಣದೆ ಬಿಳಿಚಿ ಸುಕ್ಕುಗಟ್ಟಿದ ಹೆಬ್ಬೆರಳು ಹೊರಗೆ ಬಂತು, ಎಲ್ಲೂ ಒಂದು ಗೀರೂ ಇಲ್ಲದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಇಲ್ಲಿ ಹುಣ್ಣೇ ಇರಲಿಲ್ಲ, ಕನ್ನಡಿ ಮಾತ್ರ ಇತ್ತು, ಆ ಬಟ್ಟೆ. ಅವಳು ಅವನ ಕೈಯನ್ನು ಮುಂದಕ್ಕೆ ಚಾಚಿಸಿ ತನ್ನ ಕೈ ಬಿಟ್ಟಳು. ಕೈ ಬಿಸಿಲಿನಲ್ಲಿ ಒಂಟಿಯಾಗಿ ನಿಂತು ನಡುಗಿತು. ಮೂವರೂ ನೋಡಿದರು. ಅವನು ಕಣ್ಣು ಮುಚ್ಚಿಕೊಂಡ.

"ಎಷ್ಟು ದಿನದಿಂದ?"

"ಚಳಿಗಾಲದಿಂದ."

"ಚಳಿಗಾಲದಿಂದ!" ಅವಳ ದನಿ ಒಡೆಯಿತು. "ವಾರ್ಡಿನ ಬಾಗಿಲಲ್ಲಿ ನಿಂತು, ಆ ತುದಿಯಲ್ಲಿ ಮಲಗಿರೋರ ಯಾವ ಕೈ ನಡುಗ್ತಿದೆ ಅಂತ ಹೇಳ್ತೀನಿ ನಾನು. ದೀಪದ ಬುಡದಲ್ಲಿ ಕತ್ತಲೆ ಅಂದ್ರೆ ಇದೇ ನೋಡಿ. ಪಕ್ಕದಲ್ಲೇ ಮಲಗಿದ್ದೆ." ಅವಳು ಪಟ್ಟಿಯನ್ನು ಮುದುಡಿ ಅವನ ಎದೆಯ ಮೇಲೆ ಎಸೆದಳು. "ಪೇಂಟರ್ರೇ, ಇದಕ್ಕೆ ಬಣ್ಣ ಬೇರೆ ಬಳಿದಿದೀರ! ನನಗೇ! ನನ್ನ ಚೀಲದ ಬಟ್ಟೆಗೇ!"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಮುಖ ತಿರುಗಿಸಿರಲಿಲ್ಲ. ಬೈಗುಳದ ನಡುವೆ ಅವನಿಗೆ ಕೇಳಿಸಿದ್ದು ಅದೊಂದೇ, ಮತ್ತು ಅದು ಎದೆಯ ಮೇಲಿಂದ ಒಂದು ಏಣಿಯನ್ನು ಎತ್ತಿಟ್ಟ ಹಾಗಿತ್ತು. "ಹೇಳೋಕಾಗ್ಲಿಲ್ಲ" ಎಂದ. "ನಮ್ಮಪ್ಪಂಗೂ ಇತ್ತು. ಯಾರೂ ಏನೂ ಅಂತಿರ್ಲಿಲ್ಲ."

ಮಗಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದಕ್ಕೇನಾ ಅರ್ಧ ಲೋಟ ಟೀ ಕುಡಿಯೋದು? ನಾನು ಶುಗರ್ ಬಂದಿದೆ, ಮುಚ್ಚಿಡ್ತಿದಾನೆ ಅಂದ್ಕೊಂಡಿದ್ದೆ."

"ನೋಡಿದ್ಯಾ ನೀನು?" ಎಂದ.

"ನೋಡಿದ್ದೆ. ಕೇಳ್ಬೇಕಿತ್ತು. ಕೇಳ್ಲಿಲ್ಲ."

ಹೆಂಡತಿ ಒಳಗೆ ಹೋದಳು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಟೀ ಇತ್ತು, ಕಂಠಮಟ್ಟ ತುಂಬಿದ ಲೋಟ. ಅವನ ಮುಂದೆ ಇಟ್ಟು ಪಕ್ಕದಲ್ಲೇ ಕೂತಳು. "ನಾಳೆ ನನ್ನ ಜೊತೆ ಬರ್ತೀರ. ಎಲ್ಲಾ ನಡುಕಾನೂ ಒಂದೇ ಅಲ್ಲ. ಏನು ಅಂತ ನೋಡೋಣ." ಅವನು ಲೋಟ ಎತ್ತಿದ. ಚೆಲ್ಲಿತು, ಪಂಚೆಯ ಮೇಲೆ, ಕಲ್ಲಿನ ಮೇಲೆ, ಪುದೀನದ ಎಲೆಗಳ ಮೇಲೆ. "ಚೆಲ್ಲಲಿ ಬಿಡಿ" ಎಂದಳು. ಇಬ್ಬರೂ ಅವನನ್ನೇ ನೋಡುತ್ತಿದ್ದರು, ಟೀ ಕುಡಿಯುವವನನ್ನು ನೋಡುವ ಹಾಗೆ. ಬಹಳ ದಿನದ ಮೇಲೆ ಬಿಸಿ ಟೀ ಕುಡಿದ.

ಬಳ್ಳಿಯ ಮಾತನ್ನು ಯಾರೂ ಎತ್ತಲಿಲ್ಲ. ಅವನೇ ಎದ್ದು ಬೇಲಿಯ ಹತ್ತಿರ ಹೋದ. ಶಂಖಪುಷ್ಪದ ಬಳ್ಳಿ ಬೇಲಿಯ ಕಡ್ಡಿಗೆ ಸುತ್ತಿಕೊಂಡ ಪರಿ ನೋಡಿದ. ಎಲ್ಲಿ ಏನು ಸಿಕ್ಕರೂ ಹಿಡಿದುಕೊಂಡು, ಸಿಗದ ಕಡೆ ಗಾಳಿಯಲ್ಲಿ ತಡಕಾಡಿ, ನಡುಗಿ, ಮತ್ತೆ ಎಲ್ಲೋ ಹಿಡಿದುಕೊಂಡು, ಒಂದು ಕಡೆಯೂ ಕೈ ಎತ್ತದೆ ಇಡೀ ಬೇಲಿಯನ್ನು ದಾಟಿತ್ತು. ಇದನ್ನು ಬರೆಯುತ್ತೇನೆಂದು ತಾನು ಎಷ್ಟು ವರ್ಷ ಹೇಳಿಕೊಂಡು ಓಡಾಡಿದೆ ಎಂದು ನಗು ಬಂತು. ಉದ್ದುದ್ದ ಎಳೆಗಳನ್ನು ಕತ್ತರಿಸಿ ತಂದ. "ನಾನು ಬರೆಯಲ್ಲ. ಇದೇ ಬರ್ಕೊಳ್ಳಲಿ" ಎಂದ. ಹೂ ಎಲೆ ಸಮೇತ ಬಟ್ಟೆಯ ಅಂಚಿನ ಸುತ್ತ ಹಾಸಿದರು, ಮೇಲೆ ಮಡಿಚಿದರು, ಕಲ್ಲಿನ ಮೇಲೆ ಅಂಚನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಬಡಿದರು. ಸುತ್ತಿಗೆ ಕೈಯಿಂದ ಕೈಗೆ ಹೋಯಿತು. ಅವನು ಬಲಗೈಯಿಂದಲೂ ಬಡಿದ. ಏಟು ಎಲ್ಲೆಲ್ಲೋ ಬಿತ್ತು, ಹೂ ಬೇಜಾರು ಮಾಡಿಕೊಳ್ಳಲಿಲ್ಲ. ಬಿಸಿಲು ಗೋಡೆ ಹತ್ತಿತ್ತು. ಪೂರ್ತಿ ಬಿಡಿಸಿ ಮೂರು ಕಡೆಯಿಂದ ಮೂವರು ಹಿಡಿದು ನಿಂತರು. ನಾಲ್ಕೂ ಅಂಚಿನಲ್ಲಿ ಬಳ್ಳಿ ಓಡುತ್ತಿತ್ತು, ನೀಲಿ ಹಸಿರು, ಕೆಲವೆಡೆ ನಿಶ್ಚಲ, ಅವನು ಹಿಡಿದಿದ್ದ ಕಡೆಯೆಲ್ಲ ಗಾಳಿ. ಬೆಳಕು ಹಿಂದಿನಿಂದ ಹಾಯ್ದು ಪ್ರತಿ ನರವೂ ಹೊತ್ತಿಕೊಂಡಿತ್ತು. ಇಷ್ಟೂ ಇಲ್ಲೇ ಇತ್ತು, ಕುಂಚ ತೊಳೆದ ನೀರು ಚೆಲ್ಲುವ ಜಾಗದಲ್ಲಿ.

"ಒಗೆದ್ರೆ ಹೋಗುತ್ತಾ?" ಎಂದು ಕೇಳಿದ.

"ಸ್ವಲ್ಪ ಹೋಗುತ್ತೆ, ಸ್ವಲ್ಪ ಉಳಿಯುತ್ತೆ" ಎಂದಳು ಹೆಂಡತಿ.

ಮಗಳು ಬಟ್ಟೆಯ ಕೆಳಗಿನ ಬಲಮೂಲೆಯನ್ನು ಕಲ್ಲಿನ ಮೇಲೆ ಹರಡಿದಳು. "ಅಪ್ಪಾ, ಸಹಿ?" ಎಂದಳು. ಅಂದ ಮೇಲೆ ತುಟಿ ಕಚ್ಚಿಕೊಂಡಳು. ಅಲ್ಲಿ ಒಂದು ಎಲೆ ಬರಬೇಕಿತ್ತು, ಒಂದೇ ಏಟಿನದು, ಅವನ ಅಪ್ಪನದು. ಅವನು ಕೈ ನೋಡಿಕೊಂಡ. ಹೆಂಡತಿ ಉಳಿದಿದ್ದ ಶಂಖಪುಷ್ಪಗಳನ್ನು ಒಂದು ತಟ್ಟೆಯಲ್ಲಿ ಅರೆದಳು. ಅವನ ಬಲ ಹೆಬ್ಬೆರಳನ್ನು ಹಿಡಿದು ಅದರಲ್ಲಿ ಅದ್ದಿದಳು.

"ಅಕ್ಷರ ಬರೆದು ಬದುಕಿದೋನು ಹೆಬ್ಬೆಟ್ಟು ಒತ್ತೋದಾ?" ಎಂದ. ನಗಲು ಹೋದ, ಪೂರ್ತಿ ಆಗಲಿಲ್ಲ.

"ಒತ್ತಿ. ಸಾಕ್ಷಿಗೆ ನಾನಿದೀನಿ."

ಮಣಿಕಟ್ಟನ್ನು ಹಿಡಿದು ಅವಳೇ ಮೂಲೆಯ ತನಕ ತಂದಳು. ಒತ್ತಿದ. ಬಟ್ಟೆಯ ಅಡಿಯ ಕಲ್ಲು ತಣ್ಣಗಿತ್ತು. ಎತ್ತಿದ ಮೇಲೆ ಮಗಳು, ಹೆಂಡತಿ, ಅವನು, ಮೂರೂ ತಲೆಗಳು ಒಂದೇ ಕಡೆ ಬಾಗಿದವು. ನೀಲಿಯಲ್ಲಿ ಸುತ್ತಿನೊಳಗೆ ಸುತ್ತಾಗಿ ಕೂದಲೆಳೆಯ ಗೆರೆಗಳು, ಎಲೆಯ ನರಗಳ ಹಾಗೆಯೇ, ಅವನು ಯಾವತ್ತೂ ಬರೆಯದೆ ಯಾವತ್ತೂ ತನ್ನ ಜೊತೆಯಲ್ಲೇ ಇಟ್ಟುಕೊಂಡಿದ್ದ ಗೆರೆಗಳು. ಅವನು ಬೋರ್ಡು ನೋಡುವವನ ಹಾಗೆ ಒಂದು ಕಣ್ಣು ಕಿರಿದು ಮಾಡಿ, ಹೊರಗಿನ ಸುತ್ತಿನಿಂದ ಒಳಗಿನ ತನಕ ಒಂದೊಂದನ್ನೇ ಹಿಂಬಾಲಿಸಿದ. ಒಂದೂ ನಡುಗಿರಲಿಲ್ಲ.